ಅಂಚು ಮಡಚದ ಸೊಳ್ಳೆ ಪರದೆ, ಅರ್ಧಕ್ಕೆ ಬಿಟ್ಟ ಮಾತ್ರೆ

ಮಲೆನಾಡಿನ ಯಾವ ಮನೆಯ ಮಲಗುವ ಕೋಣೆಗೆ ಹೋದರೂ ಈಗ ಒಂದು ಸೊಳ್ಳೆ ಪರದೆ ಇದ್ದೇ ಇರುತ್ತದೆ. ಅದನ್ನು ಕಟ್ಟಿದ ಚಂದ ನೋಡಿದರೆ ಮಾತ್ರ ಮೈ ಉರಿಯುತ್ತದೆ. ಒಂದು ಮೂಲೆ ಕಿಟಕಿಯ ಸರಳಿಗೆ, ಇನ್ನೊಂದು ಕ್ಯಾಲೆಂಡರಿನ ಮೊಳೆಗೆ, ಉಳಿದೆರಡು ಜೋತು ಬಿದ್ದಿರುತ್ತವೆ, ಅಂಚು ನೆಲ ಗುಡಿಸುತ್ತಿರುತ್ತದೆ. ಒಳಗೆ ಮಲಗಿದ ಮಗುವಿನ ಮೊಣಕೈ ಪರದೆಗೆ ಒತ್ತಿಕೊಂಡಿರುತ್ತದೆ. ಹೊರಗೆ ಕೂತ ಸೊಳ್ಳೆಗೆ ಎಲೆ ಹಾಕಿ ಬಡಿಸಿದ ಹಾಗೆ! ಇಷ್ಟಾಗಿ, "ನಮ್ಮನೇಲಿ ಪರದೆ ಕಟ್ತೀವಿ, ಆದ್ರೂ ಮಲೇರಿಯಾ ಜ್ವರ ಬಂತು" ಅನ್ನುತ್ತೀರಿ.

ಮಲೇರಿಯಾ ಈಗೆಲ್ಲಿದೆ ಅಂತ ಕೇಳುವವರೂ ಇದ್ದಾರೆ. ಹಿಂದೆ ನಮ್ಮ ಕಡೆ ಚಳಿಜ್ವರ ಅಂದರೆ ಮನೆಮಾತು. ಜ್ವರ ಬಂದು ಬಂದು ಗುಲ್ಮ ಊದಿ, ಎಡಪಕ್ಕೆಯ ಕೆಳಗೆ ಕೈಗೆ ಸಿಗುವಷ್ಟು ಗಟ್ಟಿಯಾಗುತ್ತಿತ್ತು. ಅದಕ್ಕೆ ಜ್ವರಗಡ್ಡೆ ಅನ್ನುತ್ತಿದ್ದರು. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಆಮೇಲೆ ಡಿಡಿಟಿ ಹೊಡೆಯುವವರು ಪಂಪು ಹೊತ್ತು ಊರೂರು ತಿರುಗಿ, ಗೋಡೆಯ ಮೇಲೆ ತಾರೀಕು ಬರೆದು ಹೋಗುತ್ತಿದ್ದರು. ಅದರಿಂದ ಕಾಯಿಲೆ ಬಹಳ ತಗ್ಗಿತು. ಆದರೆ ಸೊಳ್ಳೆ ಊರು ಬಿಟ್ಟು ಹೋಗಿಲ್ಲ. ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರು, ಬೇರೆ ರಾಜ್ಯದಿಂದ ತೋಟದ ಕೆಲಸಕ್ಕೆ ಬಂದವರು ರಕ್ತದಲ್ಲಿ ರೋಗಾಣು ಹೊತ್ತು ತಂದರೆ ಸಾಕು. ಅನಾಫಿಲಿಸ್ ಹೆಣ್ಣು ಸೊಳ್ಳೆ ಅವರನ್ನು ಕಚ್ಚುತ್ತದೆ. ಹತ್ತು ಹನ್ನೆರಡು ದಿನದಲ್ಲಿ ರೋಗಾಣು ಅದರ ಹೊಟ್ಟೆಯೊಳಗೆ ಬಲಿತು ಎಂಜಲಿಗೆ ಬರುತ್ತದೆ. ಆಮೇಲೆ ಅದು ಕಚ್ಚಿದವರಿಗೆಲ್ಲ ಹಂಚಿದ ಹಾಗೆಯೇ.

ಕಚ್ಚಿದ ಮಾರನೆಯ ದಿನವೇ ಜ್ವರ ಬರುವುದಿಲ್ಲ. ಸಾಮಾನ್ಯವಾಗಿ ಹತ್ತು ಹದಿನೈದು ದಿನ ಹಿಡಿಯುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಹಾಗಾಗಿ ಡಾಕ್ಟರು "ಎಲ್ಲಿಗಾದರೂ ಹೋಗಿದ್ರಾ" ಅಂದರೆ ನಿನ್ನೆ ಮೊನ್ನೆಯದು ಹೇಳಿ ಸುಮ್ಮನಾಗಬೇಡಿ, ಹೋದ ತಿಂಗಳ ಊರನ್ನೂ ಹೇಳಿ.

ಲಕ್ಷಣಕ್ಕೆ ಮೂರು ಹಂತ. ಮೊದಲು ಚಳಿ: ಎರಡು ಕಂಬಳಿ ಹೊದೆಸಿದರೂ ಹಲ್ಲು ಕಟಕಟ, ಮಂಚವೇ ಅಲ್ಲಾಡುತ್ತದೆ. ಕಾಲು ಗಂಟೆಯಿಂದ ಒಂದು ಗಂಟೆ ಇರುತ್ತದೆ. ಆಮೇಲೆ ಬೆಂಕಿಯಂಥ ಜ್ವರ, ತಲೆ ಸಿಡಿತ, ವಾಂತಿ. ಕೊನೆಗೆ ಹಾಸಿಗೆ ತೊಯ್ಯುವಷ್ಟು ಬೆವರು, ಜ್ವರ ಇಳಿದು ನಿದ್ದೆ. ಎಲ್ಲರೂ ಮೋಸ ಹೋಗುವುದು ಇಲ್ಲಿಯೇ. "ಬೆವರಿತು, ಜ್ವರ ಬಿಡ್ತು" ಅಂತ ಮಾರನೆಯ ದಿನ ತೋಟಕ್ಕೆ ಹೋಗುತ್ತಾರೆ, ಮೂರನೆಯ ದಿನ ಅದೇ ಹೊತ್ತಿಗೆ ಮತ್ತೆ ನಡುಕ. ಬೆವರುವುದು ಕಾಯಿಲೆಯ ಮೂರನೇ ಹಂತವೇ ಹೊರತು ವಾಸಿಯಾದ ಗುರುತಲ್ಲ, ಮಾರಾಯ್ತಿ. ಮೊದಲ ಕೆಲವು ದಿನ ಈ ಲೆಕ್ಕವೂ ಇರುವುದಿಲ್ಲ, ದಿನಾ ಜ್ವರ ಬರಬಹುದು. ಮಕ್ಕಳಲ್ಲಂತೂ ನಡುಕವೇ ಇಲ್ಲದೆ ಬರೀ ವಾಂತಿ, ಮಂಕು ಅಷ್ಟೇ ಕಾಣಬಹುದು. ದಿನ ಬಿಟ್ಟು ದಿನ ಬರಲಿ, ಆಮೇಲೆ ನೋಡೋಣ ಅಂತ ಕಾಯಬಾರದು.

ಅದೂ ಅಲ್ಲದೆ ನಮ್ಮ ಸೀಮೆಯಲ್ಲಿ ಜ್ವರಕ್ಕೇನು ಬರವೇ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಇದೆ. ಅದು ಉಣ್ಣಿ ಕಚ್ಚಿ ಬರುವುದು, ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ. ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ನಿಂತವರಿಗೆ ಇಲಿಜ್ವರ ಇದೆ, ಡೆಂಗಿ ಇದೆ. ನಾಲ್ಕೂ ಶುರುವಾಗುವುದು ತಲೆನೋವು, ಮೈಕೈ ನೋವಿನಿಂದಲೇ. ಮುಖ ನೋಡಿ ಇಂಥ ಜ್ವರ ಅಂತ ಹೇಳುವ ಜಾಣರು ಯಾರೂ ಇಲ್ಲ. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಚೀಟಿಯ ಮಾತ್ರೆ ನಿಮಗೂ ಆಗುತ್ತದೆ ಅನ್ನುವುದು ಇನ್ನೂ ದೊಡ್ಡ ದಡ್ಡತನ.

ರಕ್ತ ಪರೀಕ್ಷೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡು ಕೊಡಬೇಕಾಗಿಲ್ಲ. ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ದಪ್ಪ ಹನಿ, ಒಂದು ತೆಳು ಲೇಪ ತೆಗೆಯುತ್ತಾರೆ. ದಪ್ಪ ಹನಿಯಲ್ಲಿ ರೋಗಾಣು ಇದೆಯೋ ಇಲ್ಲವೋ ತಿಳಿಯುತ್ತದೆ, ತೆಳು ಲೇಪದಲ್ಲಿ ಯಾವ ಜಾತಿ ಅಂತ ತಿಳಿಯುತ್ತದೆ. ಕಾರ್ಡಿನ ಪರೀಕ್ಷೆಯಾದರೆ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಚಳಿ ಬಂದಾಗಲೇ ರಕ್ತ ಕೊಡಬೇಕು ಅಂತೇನಿಲ್ಲ, ಮಲೇರಿಯಾ ಮಾತ್ರೆ ನುಂಗುವುದಕ್ಕೆ ಮುಂಚೆ ಕೊಡಬೇಕು ಅಷ್ಟೆ. ಒಮ್ಮೆ ಇಲ್ಲ ಅಂತ ಬಂದು ಜ್ವರ ಮುಂದುವರಿದರೆ ಮಾರನೆಯ ದಿನ ಮತ್ತೆ ಕೊಡಿ. ಮೊದಲ ಸಲ ಕಣ್ಣು ತಪ್ಪುವುದುಂಟು.

ಜಾತಿ ಯಾಕೆ ಮುಖ್ಯ ಅಂದರೆ ಮಾತ್ರೆ ಬೇರೆ ಬೇರೆ. ವೈವಾಕ್ಸ್ ಅನ್ನುವ ಜಾತಿಯಾದರೆ ಮೂರು ದಿನ ಕ್ಲೋರೋಕ್ವಿನ್. ದೊಡ್ಡವರಿಗೆ ಸಾಮಾನ್ಯವಾಗಿ ಮೊದಲ ದಿನ ನಾಲ್ಕು, ಎರಡನೇ ದಿನ ನಾಲ್ಕು, ಮೂರನೇ ದಿನ ಎರಡು. ಮಕ್ಕಳಿಗೆ ವಯಸ್ಸು, ತೂಕ ನೋಡಿ ಡಾಕ್ಟರೇ ಬರೆದುಕೊಡುತ್ತಾರೆ. ಜೊತೆಗೆ ಪ್ರೈಮಾಕ್ವಿನ್ ಅನ್ನುವ ಮಾತ್ರೆ ಹದಿನಾಲ್ಕು ದಿನ. ಫಾಲ್ಸಿಪಾರಮ್ ಅನ್ನುವ ಜಾತಿಯಾದರೆ ಆರ್ಟಿಮಿಸಿನಿನ್ ಸೇರಿದ ಜೋಡಿ ಔಷಧ ಮೂರು ದಿನ, ಅದರ ಜೊತೆ ಪ್ರೈಮಾಕ್ವಿನ್ ಒಂದೇ ಸಲ. ಯಾವುದನ್ನೂ ಖಾಲಿ ಹೊಟ್ಟೆಗೆ ನುಂಗಬೇಡಿ, ಎರಡು ತುತ್ತು ಗಂಜಿಯಾದರೂ ಒಳಗೆ ಹೋಗಿರಲಿ. ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಮಾತ್ರೆ ಲೆಕ್ಕಕ್ಕಿಲ್ಲ, ಕೊಟ್ಟವರನ್ನು ಕೇಳಿ ಮತ್ತೆ ನುಂಗಬೇಕು.

ಈ ಹದಿನಾಲ್ಕು ದಿನದ ಮಾತ್ರೆಯನ್ನು ನಾಲ್ಕನೇ ದಿನಕ್ಕೆ ಬಿಡುತ್ತೀರಲ್ಲ, ಅದಕ್ಕೇ ನನಗೆ ಸಿಟ್ಟು. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಮಾತ್ರ ಕೊಲ್ಲುತ್ತದೆ. ವೈವಾಕ್ಸಿನ ಒಂದಷ್ಟು ರೋಗಾಣು ಪಿತ್ತಜನಕಾಂಗದಲ್ಲಿ ಮುಸುಕು ಹಾಕಿ ಮಲಗಿರುತ್ತದೆ, ಅದನ್ನು ಕೊಲ್ಲುವುದು ಪ್ರೈಮಾಕ್ವಿನ್. ಅರ್ಧಕ್ಕೆ ಬಿಟ್ಟರೆ ಹೊಸ ಸೊಳ್ಳೆ ಕಚ್ಚದೆಯೇ ಮೂರು ನಾಲ್ಕು ತಿಂಗಳಿಗೋ ವರ್ಷಕ್ಕೋ ಅದೇ ಜ್ವರ ಎದ್ದು ಕೂರುತ್ತದೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ದಿನಕ್ಕೊಂದು ಗೀಟು ಎಳೆಯಿರಿ, ಹದಿನಾಲ್ಕು ಗೀಟು ಆಗುವವರೆಗೆ ಪೊಟ್ಟಣ ಬಿಸಾಡಬೇಡಿ. ಆದರೆ ಬಸುರಿಯರಿಗೆ, ವರ್ಷ ತುಂಬದ ಕೂಸುಗಳಿಗೆ ಪ್ರೈಮಾಕ್ವಿನ್ ಕೊಡುವಂತಿಲ್ಲ. ಸಣ್ಣ ಕೂಸಿಗೆ ಹಾಲೂಡಿಸುವವರೂ ಮೊದಲೇ ಹೇಳಿಕೊಳ್ಳಬೇಕು. ರಕ್ತದಲ್ಲಿ ಜಿ6ಪಿಡಿ ಅನ್ನುವ ಅಂಶ ಕಡಿಮೆ ಇರುವವರಿಗೆ ಪ್ರೈಮಾಕ್ವಿನ್ ರಕ್ತಕಣ ಒಡೆಸುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ, ಆಸ್ಪತ್ರೆಗೆ ಓಡಿ.

ಮಂಪರು, ತಡಬಡ ಮಾತು, ಫಿಟ್ಸ್, ಕಣ್ಣು ಹಳದಿ, ಏದುಸಿರು, ಮೂತ್ರ ಕಟ್ಟುವುದು, ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಫಾಲ್ಸಿಪಾರಮ್ ಒಂದೇ ದಿನದಲ್ಲಿ ಮಿದುಳಿಗೆ ಏರಬಲ್ಲದು. ಆಗುಂಬೆ, ಹೊಸನಗರದ ಕಡೆಯ ಒಂಟಿ ಮನೆಯವರು ಸಂಜೆ ಬೆಳಕಿರುವಾಗಲೇ ಗಾಡಿ ಹೊಂದಿಸಿಕೊಳ್ಳಬೇಕು. ಮಳೆಗಾಲದ ರಾತ್ರಿ ದಾರಿಗೆ ಮರ ಬಿದ್ದರೆ ಆಮೇಲೆ ಯಾರನ್ನು ಬೈದು ಏನು?

ಜ್ವರ ಇಳಿಸಲು ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಇಬುಪ್ರೊಫೆನ್ ಬೇಡ, ಡೆಂಗಿಯೇನಾದರೂ ಆಗಿದ್ದರೆ ರಕ್ತಸ್ರಾವವಾಗಬಹುದು. ಜ್ವರ ಏರಿದಾಗ ಕಂಬಳಿ ತೆಗೆದು ಉಗುರು ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ. ಅಮೃತಬಳ್ಳಿ ಕಷಾಯ ಬಾಯಿಗೆ ಹಿತವಾದರೆ, ಡಾಕ್ಟರಿಗೆ ಹೇಳಿ ಕುಡಿಯಿರಿ. ಮಾತ್ರೆಯ ಬದಲಿಗೆ ಮಾತ್ರ ಕೂಡದು.

ಈಗ ಪರದೆಯ ವಿಷಯ. ಈ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ನಸುಕಿನವರೆಗೆ, ಹೆಚ್ಚಾಗಿ ನಾವು ಗಾಢ ನಿದ್ದೆಯಲ್ಲಿರುವಾಗ. ಅದಕ್ಕೇ ಪರದೆಯಷ್ಟು ಉಪಕಾರಿ ಬೇರೊಂದಿಲ್ಲ. ಔಷಧ ಹಾಕಿದ ಹೊಸ ಪರದೆ ತಂದರೆ ಮೊದಲು ಒಂದು ಹಗಲು ಒಂದು ರಾತ್ರಿ ನೆರಳಲ್ಲಿ ಬಿಡಿಸಿ ಹರವಿ, ಇಲ್ಲದಿದ್ದರೆ ಮುಖ ಉರಿಯುತ್ತದೆ. ಕಟ್ಟುವಾಗ ನಾಲ್ಕು ಮೂಲೆಯ ಹಗ್ಗವೂ ಒಂದೇ ಎತ್ತರ. ಹಾಸಿಗೆಗಿಂತ ಅಗಲಕ್ಕೆ ಇರಲಿ, ಬಿಗಿಯಾಗಿ ಎಳೆದು ತಮಟೆಯ ಚರ್ಮ ಮಾಡಬೇಡಿ. ಕೆಳಗೆ ಸುತ್ತಲೂ ಕಡಿಮೆಯೆಂದರೆ ಒಂದು ಗೇಣು ಅಂಚು ಹಾಸಿಗೆಯ ಅಡಿಗೆ ಹೋಗುವಷ್ಟು ಇಳಿಬಿಡಬೇಕು.

ಮಡಚುವುದಕ್ಕೂ ಒಂದು ಕ್ರಮ ಇದೆ. ದೀಪ ಹಚ್ಚುವ ಹೊತ್ತಿಗೆ ಮುಂಚೆಯೇ ಪರದೆ ಇಳಿಸಿ, ನಾಲ್ಕು ಸಲ ಕೊಡವಿ. ಮೊದಲು ತಲೆಯ ಕಡೆ, ಆಮೇಲೆ ಗೋಡೆಯ ಕಡೆ, ಆಮೇಲೆ ಕಾಲಿನ ಕಡೆ. ಅಂಗೈ ಮೇಲ್ಮುಖ ಮಾಡಿ ಹಾಸಿಗೆಯಡಿಗೆ ಮಣಿಕಟ್ಟಿನವರೆಗೆ ತೂರಿಸಿ, ಎಳೆದುಕೊಳ್ಳದೆ ಕೈ ಹೊರತೆಗೆಯಿರಿ, ಆಗ ಅಂಚು ಅಲ್ಲೇ ನಿಲ್ಲುತ್ತದೆ. ಮೂಲೆಗಳನ್ನು ಕವಳದ ಎಲೆ ಮಡಚಿದ ಹಾಗೆ ಎರಡು ಮಡಿಕೆ ಮಾಡಿ ಒತ್ತಬೇಕು, ಸೊಳ್ಳೆ ನುಗ್ಗುವುದು ಮೂಲೆಯಲ್ಲೇ. ನೀವು ಏರುವ ಕಡೆಯದ್ದು ಕೊನೆಗೆ, ಅದೂ ಒಳಗೆ ಕೂತ ಮೇಲೆ. ಒಳಗೆ ಹೋಗುವಾಗ ಬಾಗಿಲ ಪರದೆಯಂತೆ ಇಡೀ ಬದಿ ಎತ್ತಬಾರದು. ಮಧ್ಯದಲ್ಲಿ ಒಂದು ಮೊಳ ಎತ್ತಿ, ಬೆನ್ನು ಮೊದಲು ಒಳಗೆ ಹಾಕಿ ಕೂತು, ಕಾಲು ಎಳೆದುಕೊಂಡು, ಕೂಡಲೇ ಅಂಚು ಒಳಗಿನಿಂದ ತುರುಕಿ. ಆಮೇಲೆ ಬ್ಯಾಟರಿ ಬೆಳಕು ಬಿಟ್ಟು ನಾಲ್ಕು ಮೂಲೆ, ತಲೆಯ ಮೇಲಿನ ಮಡಿಕೆ ನೋಡಿ. ಒಳಗೆ ಒಂದು ಉಳಿದರೂ ರಾತ್ರಿಯಿಡೀ ಅದಕ್ಕೆ ಹಬ್ಬ. ಗೋಡೆಯ ಕಡೆ ಒಂದು ಹಳೆಯ ಸೀರೆ ಸುರುಳಿ ಸುತ್ತಿ ಇಟ್ಟರೆ ಮಕ್ಕಳ ಕೈಕಾಲು ಪರದೆಗೆ ತಾಗುವುದಿಲ್ಲ. ಚಾಪೆಯ ಮೇಲೆ ಮಲಗುವವರು ಅಂಚನ್ನು ಚಾಪೆಯಡಿಗೆ ಸೇರಿಸಿ, ಮೇಲೆ ಸುತ್ತಲೂ ಮಡಚಿದ ಕಂಬಳಿಯ ಭಾರ ಇಡಿ. ಬೆಳಿಗ್ಗೆ ಎದ್ದ ಮೇಲೆ ತಿರುಚಿ ಮೇಲೆತ್ತಿ ಗಂಟು ಹಾಕಿ, ನೆಲಕ್ಕೆ ಬಿಟ್ಟರೆ ಆ ಕತ್ತಲ ಮಡಿಕೆಯಲ್ಲೇ ಸೊಳ್ಳೆ ಹಗಲು ಕಳೆಯುತ್ತದೆ. ತೂತು ಬಿದ್ದರೆ ಪಿನ್ನು ಚುಚ್ಚಬೇಡಿ, ದಾರ ಹಾಕಿ ಹೊಲಿಯಿರಿ, ಐದು ನಿಮಿಷದ ಕೆಲಸ.

ಔಷಧದ ಪರದೆಯನ್ನು ವಾರವಾರ ಒಗೆಯುವ ಶುಚಿಗಾರರೂ ಇದ್ದಾರೆ! ಸುಮಾರು ಇಪ್ಪತ್ತು ಒಗೆತಕ್ಕೆ ಅದರ ಔಷಧ ಮುಗಿಯುತ್ತದೆ. ಮೂರು ತಿಂಗಳಿಗೊಮ್ಮೆ, ಸಾದಾ ಸೋಪಿನಲ್ಲಿ, ತಣ್ಣೀರಲ್ಲಿ, ಬಂಡೆಗೆ ಬಡಿಯದೆ ಹಿಂಡಿ. ಹಳ್ಳದಲ್ಲಿ ಒಗೆಯಬೇಡಿ, ಮೀನು ಸಾಯುತ್ತವೆ. ಒಣಗಿಸುವುದು ನೆರಳಲ್ಲಿ. ಮಳೆಗಾಲ ಅಂತ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿದರೆ ಒಂದು ಕಿಡಿಗೆ ಕರಗಿ ಹೋಗುತ್ತದೆ. ಅಂದ ಹಾಗೆ, ಒಣಗದ ಬಟ್ಟೆಯನ್ನೆಲ್ಲ ತಂದು ಮಲಗುವ ಕೋಣೆಯ ಗಳಕ್ಕೆ ಒಂದರ ಮೇಲೊಂದು ಹೇರುವುದು ಬಿಡಿ. ಕೋಣೆಯಲ್ಲಿ ನೇತಾಡುವ ಕಪ್ಪು ಬಟ್ಟೆ ಸೊಳ್ಳೆಗೆ ಅಡಗುತಾಣ.

ನೀರಿನದು ಚಿಕ್ಕದಾಗಿ ಹೇಳುತ್ತೇನೆ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ನಿಂತ ನೀರು ಚೆಲ್ಲಲೇಬೇಕು. ಮಲೇರಿಯಾ ಸೊಳ್ಳೆ ಕೊಚ್ಚೆಗಿಂತ ತಿಳಿನೀರನ್ನೇ ಹುಡುಕುತ್ತದೆ: ಬಾವಿ, ಮುಚ್ಚಳವಿಲ್ಲದ ತೊಟ್ಟಿ, ಮನೆ ಮೇಲಿನ ಟ್ಯಾಂಕು, ಹಳ್ಳದ ಹುಲ್ಲಂಚು. ಬಿಳಿ ತಟ್ಟೆಯಲ್ಲಿ ನೀರು ತೆಗೆದು ನೋಡಿ. ಮೇಲೆ ಅಡ್ಡಡ್ಡ ತೇಲುವ ಮರಿಹುಳ ಮಲೇರಿಯಾ ಸೊಳ್ಳೆಯದು, ತಲೆ ಕೆಳಗಾಗಿ ನೇತಾಡುವುದು ಬೇರೆ ಜಾತಿ. ತೊಟ್ಟಿ ಖಾಲಿ ಮಾಡಿದಾಗ ಗೋಡೆಯನ್ನೂ ತಿಕ್ಕಿ, ಡೆಂಗಿ ಸೊಳ್ಳೆಯ ಮೊಟ್ಟೆ ಅಲ್ಲಿ ಅಂಟಿರುತ್ತದೆ. ಬಾವಿಗೆ ಗಪ್ಪಿ, ಗಾಂಬೂಸಿಯಾ ಮೀನು ಬಿಡಬಹುದು, ಆರೋಗ್ಯ ಇಲಾಖೆಯವರನ್ನು ಕೇಳಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಕವುಚಿ ಹಾಕಿ, ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆದು ಮುಗಿದ ಮೇಲೆ ಡ್ರಮ್ಮು ಬೋರಲು ಹಾಕಿ. ಜಡಿಮಳೆಯ ನೀರಿನ ಸೆಳೆತಕ್ಕೆ ಹಳ್ಳದ ಮರಿಹುಳ ಕೊಚ್ಚಿ ಹೋಗುತ್ತದೆ. ಮಳೆ ಹಿಂದೆ ಸರಿದು ಬಸಿಗಾಲುವೆಯಲ್ಲಿ ನೀರು ನಿಧಾನವಾದಾಗಲೇ ಎಚ್ಚರ ಬೇಕು, ಅಷ್ಟರಲ್ಲಿ ಅದರ ಅಂಚಿನ ಹುಲ್ಲು ಸವರಿ, ಕಟ್ಟಿಕೊಂಡ ದರಗು ಎತ್ತಿ ಹಾಕಿ.

ಆರೋಗ್ಯ ಇಲಾಖೆಯವರು ಗೋಡೆಗೆ ಔಷಧ ಸಿಂಪಡಿಸಲು ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ರಕ್ತ ಕುಡಿದ ಸೊಳ್ಳೆ ಭಾರವಾಗಿ ಪಕ್ಕದ ಗೋಡೆಗೆ ಕೂರುತ್ತದೆ, ಅಲ್ಲೇ ಸಾಯಲಿ ಅಂತ ಹೊಡೆಯುವುದು. ಅಡುಗೆ ಪಾತ್ರೆ, ಕುಡಿಯುವ ನೀರು, ದನ ಬಾಯಿ ಹಾಕುವ ಬಾನಿ ಮೊದಲೇ ಹೊರಗಿಡಿ ಇಲ್ಲವೇ ಮುಚ್ಚಿ, ಗೋಡೆ ಒಣಗುವವರೆಗೆ ಮಕ್ಕಳನ್ನು ಒಳಗೆ ಬಿಡಬೇಡಿ. ಮಲಗುವ ಕೋಣೆ, ಕೊಟ್ಟಿಗೆ ಎರಡಕ್ಕೂ ಹೊಡೆಸಿ. ಅದಾದ ಮೇಲೆ ಎರಡು ಮೂರು ತಿಂಗಳು ಆ ಗೋಡೆಗೆ ಸಗಣಿ ಸಾರಿಸುವುದು, ಸುಣ್ಣ ಬಳಿಯುವುದು ಬೇಡ. ಹಬ್ಬಕ್ಕೆ ಸುಣ್ಣ ಆಗಲೇಬೇಕು ಅಂತಿದ್ದರೆ ಅವರು ಬರುವುದಕ್ಕೆ ಮುಂಚೆಯೇ ಬಳಿದು ಒಣಗಿಸಿಕೊಳ್ಳಿ.