ಕಡತ ಮೊದಲು, ಓಲೆ ಕೊನೆಗೆ

ಶ್ರೀರಂಗಪಟ್ಟಣದ ಹಳೆ ಹೆಂಚಿನ ಮನೆಯೊಂದರ ಕೋಣೆಯಲ್ಲಿ ನಾವು ಕಾಪಾಡುತ್ತಿರುವುದು ಓಲೆಗರಿ ಕಟ್ಟು, ಕಡತ, ಲೆಕ್ಕದ ಪುಸ್ತಕ, ಒಂದಿಷ್ಟು ಫೋಟೊ. ಕೆಆರ್‌ಎಸ್ ಅಣೆಕಟ್ಟೆಯ ನೀರು ಪೂರ್ಣ ಮಟ್ಟವಾದ 124.80 ಅಡಿಯ ಹತ್ತಿರ ಬಂದು ಒಳಹರಿವು ಏರುತ್ತಿದೆ ಎಂದು ಗೊತ್ತಾದ ದಿನವೇ ಕೆಳಗಿನ ಎರಡು ಹಲಗೆ ಖಾಲಿ ಮಾಡುತ್ತೇವೆ. ಹೊಳೆ ಉಕ್ಕಲಿ ಎಂದು ಕಾಯುವುದಿಲ್ಲ.

ಮೊದಲು ಎತ್ತಬೇಕಾದದ್ದು ಬೆಲೆಬಾಳುವುದನ್ನಲ್ಲ, ನೀರಿಗೆ ಬೇಗ ಅಳಿಯುವುದನ್ನು. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಬಳಪದಲ್ಲಿ ಬರೆದದ್ದು. ಒರೆಸಿ ಮತ್ತೆ ಬರೆಯಲು ಆಗುವಂಥದ್ದಾದ್ದರಿಂದ ಒದ್ದೆ ಬೆರಳು ಸೋಕಿದರೂ ಅಕ್ಷರ ಹೋಗುತ್ತದೆ. ಓಲೆ ಹಾಗಲ್ಲ. ಮಸಿ ತೊಳೆದುಹೋದರೂ ಕಂಠ, ಅಂದರೆ ಓಲೆಯ ಮೇಲೆ ಬರೆಯುವ ಕಬ್ಬಿಣದ ಮೊನೆ, ಕೊರೆದ ಗೀರು ಉಳಿಯುತ್ತದೆ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಮತ್ತೆ ತುಂಬಬಹುದು. ಹಾಗಾಗಿ ನಮ್ಮ ಸಾಲು ಹೀಗೆ: ಕಡತ, ಪೆನ್ನಿನ ಶಾಯಿ ಮತ್ತು ರಬ್ಬರ್ ಮೊಹರಿನ ಕಾಗದ, ಫೋಟೊ, ಕೊನೆಗೆ ಓಲೆ. ಈ ಪಟ್ಟಿಯ ಒಂದು ಪ್ರತಿ ಬೇರೆ ಮನೆಯಲ್ಲೂ ಇರಬೇಕು.

ದಿನನಿತ್ಯದ ಕಾಟ ಹೊಳೆಯದಲ್ಲ, ಕೋತಿ ಸರಿಸಿದ ಹೆಂಚಿನದು. ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸುವುದರ ಜೊತೆಗೆ ಪ್ರತಿ ರ‍್ಯಾಕಿನ ತಲೆಯ ಮೇಲೆ ಹಿಂದಕ್ಕೆ ಇಳಿಜಾರಾಗಿ ತಗಡು ಕೂರಿಸಿದೆವು. ಕೆಳಹಲಗೆ ನೆಲದಿಂದ 2 ಅಡಿ ಮೇಲೆ, ಗೋಡೆಯಿಂದ 3 ಇಂಚು ದೂರ. ಕೆಂಪು ಬಟ್ಟೆಯ ಗಂಟು ಬಿಚ್ಚಿ, ತೊಳೆದ ಕೋರಾ ಬಟ್ಟೆ ಸುತ್ತಿದೆವು, ಏಕೆಂದರೆ ನೆನೆದರೆ ಕೆಂಪು ಬಣ್ಣ ಕಾಗದಕ್ಕೆ ಹತ್ತುತ್ತದೆ. ಪುಸ್ತಕಗಳ ನಡುವೆ ಬೆರಳು ತೂರುವಷ್ಟು ಸಡಿಲ ಬೇಕು. ಹಳೆ ಕಾಗದ ತನ್ನ ತೂಕದ ಶೇ. 80ರವರೆಗೂ ನೀರು ಹೀರುತ್ತದೆ. ಬಿಗಿಯಾಗಿ ತುರುಕಿದ್ದರೆ ಉಬ್ಬಿ ಹೊರಗೆಳೆಯಲೇ ಬರುವುದಿಲ್ಲ.

ನೆಂದ ಮೇಲೆ ಸಿಗುವುದು ಸುಮಾರು 48 ಗಂಟೆ, ಅಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ಟೊಮೆಟೊ ಕ್ರೇಟುಗಳನ್ನು ಮುಕ್ಕಾಲು ಭಾಗ ಮಾತ್ರ ತುಂಬಿ ಸಾಗಿಸುತ್ತೇವೆ. ಹಾಳೆಗಳ ನಡುವೆ ಅಲ್ಲಲ್ಲಿ ಬ್ಲಾಟಿಂಗ್ ಪೇಪರ್ ಇಟ್ಟು, ನೆನೆದಂತೆಲ್ಲ ಬದಲಿಸಬೇಕು; ಇಟ್ಟದ್ದು ಪುಸ್ತಕದ ದಪ್ಪದ ಮೂರನೇ ಒಂದು ಭಾಗ ಮೀರಿದರೆ ಬೆನ್ನು ಹರಿಯುತ್ತದೆ. ಫ್ಯಾನ್ ಗೋಡೆಯ ಕಡೆಗೆ ತಿರುಗಿರಲಿ. ಬಿಸಿಲಿಗೆ ಹರಡುವುದೇ ಬೇಡ: ಕಾಗದ ಮುರುಟುತ್ತದೆ, ಓಲೆ ಸೀಳುತ್ತದೆ. ಹೊಳಪು ಕಾಗದ ಒಣಗಿದರೆ ಇಟ್ಟಿಗೆಯಂತೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸಲಾಗದು. ಎರಡು ದಿನದಲ್ಲಿ ಒಣಗಿಸಲಾರದಷ್ಟಿದ್ದರೆ ಮೇಣದ ಕಾಗದ ಸುತ್ತಿ -20 ಡಿಗ್ರಿಯ ಶೀತಲಗೃಹಕ್ಕೆ. ಅದರ ಮಾಲೀಕರೊಡನೆ ಮಳೆಗಾಲಕ್ಕೆ ಮುಂಚೆಯೇ ಮಾತಾಡಿಕೊಂಡಿರಬೇಕು. ಗಾಜಿನ ಫೋಟೊ ಫಲಕ ಮಾತ್ರ ಶೀತಲಗೃಹಕ್ಕೆ ಹೋಗಬಾರದು.

1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟ ಮೇಲೆ ಹೊಸದನ್ನು ಕಲ್ಲು, ಇಟ್ಟಿಗೆ, ಕಬ್ಬಿಣದಲ್ಲಿ ಕಟ್ಟಿದರು. ಮನೆ ಬದಲಿಸಲಾಗದ ನಾವು ವಯರಿಂಗ್ ಬದಲಿಸಿದೆವು. ಮೇನ್ ಸ್ವಿಚ್ಚು ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಕೋಣೆಯ ಹೊರಗಿವೆ. ಕೊನೆಗೆ ಹೋಗುವವರು ಮೇನ್ ಆರಿಸಿಯೇ ಬೀಗ ಹಾಕುತ್ತಾರೆ. ಬಾಗಿಲ ಹೊರಗೆ 4.5 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಒಂದು, 9 ಲೀಟರ್ ನೀರಿನದೊಂದು. ಮೊದಲನೆಯದು ಕರೆಂಟಿನ ಬೆಂಕಿಗೆ. ಕಾಗದದ ಉರಿ ಅದರಿಂದ ಅಡಗಿದರೂ ಒಳಗಿನ ಕೆಂಡ ಮತ್ತೆ ಹೊತ್ತುತ್ತದೆ, ಅದಕ್ಕೆ ನೀರೇ ಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಒತ್ತಡದ ಮುಳ್ಳು ಇರುವುದಿಲ್ಲವಾದ್ದರಿಂದ ತೂಗಿಯೇ ನೋಡಬೇಕು: ಅನಿಲ ಹತ್ತನೇ ಒಂದು ಭಾಗ ಕಡಿಮೆಯಾಗಿದ್ದರೆ ತುಂಬಿಸಬೇಕು.

ಬೆಂಕಿ ಆರಿದೊಡನೆ ಕಬ್ಬಿಣದ ಬೀರುವಿನ ಬಾಗಿಲು ತೆರೆಯಬಾರದು. ಒಳಗೆ ಕಾದು ಕುಳಿತ ಕಾಗದಕ್ಕೆ ಗಾಳಿ ಸಿಕ್ಕರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಮುಟ್ಟಿದರೆ ಪೂರ್ತಿ ತಣ್ಣಗಿರಬೇಕು, ಮಾರನೆಯ ದಿನವೇ ಆಗಲಿ.