ಕ್ರಾಸ್‌ರೋಡ್ಸ್: ಹಿಂದಿನಿಂದ ಮುಂದಕ್ಕೆ ಕಲಿತ ಒಂದು ಹಾಡು

ಎರಿಕ್ ಕ್ಲಾಪ್ಟನ್ ಅವರ ಗಿಟಾರ್ ಕೇಳಿ ಬೆಳೆದವರಿಗೆ ‘ಕ್ರಾಸ್‌ರೋಡ್ಸ್’ ಎಂದರೆ 1968ರ ಮಾರ್ಚ್ 10ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್‌ನಲ್ಲಿ ಅವರಿದ್ದ ಮೂವರ ರಾಕ್ ತಂಡ ಕ್ರೀಮ್ ನುಡಿಸಿದ, ನಾಲ್ಕು ನಿಮಿಷ ಚಿಲ್ಲರೆಯ ಧ್ವನಿಮುದ್ರಣವೇ. ಗಿಟಾರ್, ಬೇಸ್, ಡ್ರಮ್ಸ್ ಹಿಡಿದ ನಾವು ಮೂವರು ಈ ಹಾಡನ್ನು ವೇದಿಕೆಗೆ ತರಲು ನಿರ್ಧರಿಸಿದಾಗ, ನಾನು ಅದನ್ನು ಬದಿಗಿಟ್ಟು, 1936ರ ನವೆಂಬರ್ 27ರಂದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಗಾಯಕ ರಾಬರ್ಟ್ ಜಾನ್ಸನ್ ಒಬ್ಬರೇ ಗಿಟಾರ್ ಹಿಡಿದು ಹಾಡಿ ನುಡಿಸಿದ ಅದರ ಮೂಲ ‘ಕ್ರಾಸ್ ರೋಡ್ ಬ್ಲೂಸ್’ನಿಂದ ಅಭ್ಯಾಸ ಆರಂಭಿಸಿದೆ.

ಅಂದು ಜಾನ್ಸನ್ ಈ ಹಾಡನ್ನು ಎರಡು ಬಾರಿ ಮುದ್ರಿಸಿದ್ದರು. ಒಂದು 1937ರಲ್ಲಿ ಗ್ರಾಮೊಫೋನ್ ತಟ್ಟೆಯಾಗಿ ಬಂದಿತು. ಇನ್ನೊಂದು, ಅವರು ತೀರಿಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, 1961ರ ಎಲ್‌ಪಿಯಲ್ಲಿ ಹೊರಬಂದಿತು. ಎರಡನ್ನೂ ಕೈಯಲ್ಲಿ ತಾಳ ಹಾಕುತ್ತಾ ಕೇಳಿದರೆ ಬ್ಲೂಸ್‌ನ ರೂಢಿಯ ಹನ್ನೆರಡು ಬಾರ್‌ಗಳ (ನಾಲ್ಕು ಬೀಟ್‌ಗಳ ಆವರ್ತನಗಳ) ಚೌಕಟ್ಟು ಎಲ್ಲೂ ಸರಿಯಾಗಿ ಕೂರುವುದಿಲ್ಲ. ಒಂದು ಸಾಲು ಹಾಡಿ ಮುಗಿಸಿದ ಮೇಲೆ ಸ್ಲೈಡ್ (ಬೆರಳಿಗೆ ಹಾಕಿ ತಂತಿಯ ಮೇಲೆ ಜಾರಿಸುವ ಕೊಳವೆ) ಕೊಡುವ ಉತ್ತರ ಒಮ್ಮೆ ಒಂದು ಬೀಟ್, ಇನ್ನೊಮ್ಮೆ ಎರಡು ಬೀಟ್ ಹೆಚ್ಚು ಬೆಳೆಯುತ್ತದೆ, ಮುಂದಿನ ಸಾಲು ಅಷ್ಟು ಹೊತ್ತು ಕಾಯುತ್ತದೆ. ಹಾಡುವವರೂ ನುಡಿಸುವವರೂ ಒಬ್ಬರೇ ಆದಾಗ ಇದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ. ಕ್ರೀಮ್‌ನಂಥ ತಂಡಕ್ಕೆ ಆ ಅನುಕೂಲವಿರಲಿಲ್ಲ. ಬೇಸ್‌ನ ಜ್ಯಾಕ್ ಬ್ರೂಸ್ ಮತ್ತು ಡ್ರಮ್ಸ್‌ನ ಜಿಂಜರ್ ಬೇಕರ್ ಅಷ್ಟು ರಭಸದಿಂದ ನುಗ್ಗಬೇಕಾದರೆ ಪ್ರತಿ ಸುತ್ತೂ ಹನ್ನೆರಡು ಬಾರ್‌ಗಳಲ್ಲೇ ಮುಗಿಯಬೇಕಿತ್ತು. ನಂತರ ಬೇರೆಯವರು ನುಡಿಸಿದ ಕವರ್‌ಗಳಲ್ಲಿ ಬಹುಪಾಲು, 1976ರ ಲಿನರ್ಡ್ ಸ್ಕಿನರ್ಡ್ ತಂಡದ್ದಾಗಲಿ 2004ರ ರಷ್ ತಂಡದ್ದಾಗಲಿ, ಕ್ರೀಮ್ ಹಾಕಿದ ದಾರಿಯನ್ನೇ ಹಿಡಿದಿವೆ. ಗಿಟಾರ್ ವಾದಕ ಜಾನ್ ಮೇಯರ್ 2009ರಲ್ಲಿ ಲಯವನ್ನು ಬೇರೆ ರೀತಿಯಲ್ಲಿ ಕಟ್ಟಿದರು, ಆದರೆ ಅಲ್ಲಿಯೂ ಆ ಕಾಯುವಿಕೆ ಮರಳಲಿಲ್ಲ.

ನನಗೆ ಬೇಕಾಗಿದ್ದುದು ಅದೇ. ಗಿಟಾರನ್ನು ಓಪನ್ ಜಿ ಶ್ರುತಿಗೆ, ಅಂದರೆ ದಪ್ಪ ತಂತಿಯಿಂದ ಮೊದಲ್ಗೊಂಡು ಡಿ, ಜಿ, ಡಿ, ಜಿ, ಬಿ, ಡಿ ಎಂದು ಹೊಂದಿಸಿಕೊಂಡು, ಗಾಜಿನ ಸ್ಲೈಡನ್ನು ಕಿರುಬೆರಳಿಗೆ ಹಾಕಿ, ಉಳಿದ ಮೂರು ಬೆರಳುಗಳನ್ನು ಸ್ವರ ಒತ್ತಲು ಬಿಟ್ಟುಕೊಂಡೆ. ಸ್ಲೈಡ್ ಫ್ರೆಟ್ಟಿನ ಲೋಹದ ಪಟ್ಟಿಯ ನೇರ ಮೇಲೆ ನಿಲ್ಲಬೇಕು. ಕೂದಲೆಳೆಯಷ್ಟು ಹಿಂದೆ ನಿಂತರೂ ಶ್ರುತಿ ಇಳಿಯುತ್ತದೆ. ಅದರ ಹಿಂದೆ ತಂತಿಯ ಮೇಲೆ ಬೆರಳನ್ನು ಹಗುರವಾಗಿ ಇಟ್ಟಿರದಿದ್ದರೆ ಬೇಡದ ಗುಂಯ್‌ಗುಟ್ಟುವಿಕೆ ಉಳಿಯುತ್ತದೆ. ತಂಡದೊಳಗೆ ಮಾಡಿಕೊಂಡ ಒಪ್ಪಂದ ಸರಳ: ಸ್ಲೈಡ್ ಹನ್ನೆರಡನೇ ಫ್ರೆಟ್ಟಿನಲ್ಲಿ ನಡುಗುತ್ತಿರುವಷ್ಟು ಹೊತ್ತು ಬೇಸ್ ಆಧಾರ ಸ್ವರವನ್ನೇ ಹಿಡಿದಿರುತ್ತದೆ, ಡ್ರಮ್ಸ್ ಯಾವ ಬೀಟಿಗೂ ಒತ್ತು ಕೊಡದೆ ಕಾಲಿನಿಂದ ಬಡಿಯುವ ಕಿಕ್ ಡ್ರಮ್ಮಿನಲ್ಲಿ ಬರೀ ನಡೆ ಕಾಯುತ್ತದೆ, ನಾನು ಅಲ್ಲಿಂದ ಜಾರಿ ಖಾಲಿ ತಂತಿಗೆ ಇಳಿದ ತಕ್ಷಣ ಮುಂದಿನ ಬಾರ್ ಆರಂಭವಾಗುತ್ತದೆ. ಎಣಿಕೆಗಿಂತ ಕಿವಿಯನ್ನು ನಂಬುವ ಈ ಕ್ರಮ ಡ್ರಮ್ಸ್‌ನವರಿಗೆ ಎಲ್ಲರಿಗಿಂತ ಕಷ್ಟದ್ದು, ಮತ್ತು ಹಾಡು ನಿಲ್ಲುವುದು ಅವರ ಸಂಯಮದಿಂದಲೇ.

ಸಾಹಿತ್ಯದ ವಿಷಯದಲ್ಲೂ ಒಂದು ನಿರ್ಧಾರ ಬೇಕಾಯಿತು. ಜಾನ್ಸನ್ ಸೈತಾನನಿಗೆ ಆತ್ಮವನ್ನು ಮಾರಿಕೊಂಡರೆಂಬ ಕಥೆಯನ್ನು ಈ ಹಾಡಿಗೆ ಎಷ್ಟು ಅಂಟಿಸಿದ್ದಾರೆಂದರೆ ಸಾಲುಗಳನ್ನು ಕಿವಿಗೊಟ್ಟು ಕೇಳುವವರೇ ಕಡಿಮೆ. ಸೈತಾನ ಅಲ್ಲೆಲ್ಲೂ ಇಲ್ಲ. ನಾಲ್ಕುದಾರಿ ಕೂಡುವಲ್ಲಿ ಒಬ್ಬ ಮೊಣಕಾಲೂರಿ ದೇವರ ದಯೆ ಬೇಡುತ್ತಾನೆ, ಹೋಗುವ ಗಾಡಿಗೆ ಕೈ ತೋರುತ್ತಾನೆ, ಯಾರೂ ನಿಲ್ಲಿಸುವುದಿಲ್ಲ, ಹೊತ್ತು ಮುಳುಗುತ್ತಿದೆ. ಆ ಕಾಲದ ಅಮೆರಿಕದ ದಕ್ಷಿಣದಲ್ಲಿ ಕತ್ತಲಾದ ಮೇಲೆ ಗುರುತಿಲ್ಲದ ಊರಿನಲ್ಲಿ ಸಿಕ್ಕಿಬಿದ್ದ ಕಪ್ಪು ಜನಾಂಗದವನಿಗೆ ಅದು ಜೀವಭಯದ ಮಾತು. ಕ್ರೀಮ್ ಸೇರಿಸಿಕೊಂಡ ರೋಸ್‌ಡೇಲ್ ಎಂಬ ಊರಿಗೆ ಹೋಗುವ ಚರಣ ಜಾನ್ಸನ್ ಅವರ ‘ಟ್ರಾವೆಲಿಂಗ್ ರಿವರ್‌ಸೈಡ್ ಬ್ಲೂಸ್’ನಿಂದ ಬಂದದ್ದು, ಪ್ರೇಯಸಿಯೊಡನೆ ಹೊರಟವನ ಆ ಉಲ್ಲಾಸ ಈ ಭಯದ ಪಕ್ಕದಲ್ಲಿ ನಿಲ್ಲದೆಂದು ನನಗನಿಸಿದ್ದರಿಂದ ಅದನ್ನು ಕೈಬಿಟ್ಟೆ.

ಆದರೆ ಕ್ಲಾಪ್ಟನ್ ಅವರ ಸೋಲೊ ಬಿಡಲಾಗಲಿಲ್ಲ. ಅವರು ಮೇಜರ್ ಮತ್ತು ಮೈನರ್ ಎಂಬ ಐದು ಸ್ವರಗಳ ಪೆಂಟಾಟೋನಿಕ್‌ಗಳ ನಡುವೆ, ನಮ್ಮ ಕಿವಿಗೆ ಮೋಹನ ಮತ್ತು ಶುದ್ಧ ಧನ್ಯಾಸಿಯ ಸ್ವರಗಳ ನಡುವೆ, ಒಂದೇ ಉಸಿರಿನಲ್ಲಿ ಓಡಾಡುತ್ತಾರೆ. ಮೂರನೆಯ ಚರಣದ ನಂತರ ನಾವು ಹನ್ನೆರಡು ಬಾರ್‌ಗಳ ನೇರ ಚೌಕಟ್ಟಿಗೆ ಬಂದು, ವೇಗ ಏರಿಸಿ, ಎರಡು ಸುತ್ತು ಆ ರೀತಿಯಲ್ಲಿ ನುಡಿಸುತ್ತೇವೆ. ಕೊನೆಯ ಚರಣಕ್ಕೆ ಮತ್ತೆ ಜಾನ್ಸನ್ ಅವರ ನಡೆಗೆ ಇಳಿಯುತ್ತೇವೆ.