ಸೈನಿಕನಾಗಿದ್ದ ಅಪ್ಪನ ನೆನಪಿನ ಪುಸ್ತಿಕೆ ಮಾಡುವುದು ಹೇಗೆ

1965ರ ಅಥವಾ 1971ರ ಯುದ್ಧ ಕಂಡ ಅಪ್ಪ ತೀರಿಕೊಂಡಾಗ, ವೈಕುಂಠ ಸಮಾರಾಧನೆಯ ಹೊತ್ತಿಗೇ ಪುಸ್ತಿಕೆ ತರುವ ಅವಸರ ಬೇಡ. ಆ ಗಡಿಬಿಡಿಯಲ್ಲಿ ಬರೆದದ್ದರಲ್ಲಿ ‘ಶಿಸ್ತಿನ ಸಿಪಾಯಿ, ಮಮತೆಯ ತಂದೆ’ ಎಂಬ ಮಾತು ಸಿಗುತ್ತದೆ, ಅವರು ಸಿಗುವುದಿಲ್ಲ. ವರ್ಷಾಬ್ದಿಕಕ್ಕೆ ಗುರಿ ಇಟ್ಟುಕೊಳ್ಳಿ. ಎರಡು ಕೆಲಸ ಮಾತ್ರ ತಡ ಮಾಡಬಾರದು: ಅವರ ಟ್ರಂಕನ್ನು ಯಾರೂ ಖಾಲಿ ಮಾಡದಂತೆ ನೋಡಿಕೊಳ್ಳುವುದು, ಅಮ್ಮನ ಮಾತು ರೆಕಾರ್ಡ್ ಮಾಡುವುದು.

ಟ್ರಂಕ್ ತೆರೆಯುವ ಮುಂಚೆ ಮುಚ್ಚಳದ ಫೋಟೋ ತೆಗೆಯಿರಿ. ಕಪ್ಪು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಸೈನ್ಯದ ನಂಬರ್, ರ‍್ಯಾಂಕ್, ಹೆಸರು ಇರುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ, ಬಡ್ತಿ ಸಿಕ್ಕಾಗ ಅಳಿಸಿ ಬರೆದ ಹಳೆಯ ರ‍್ಯಾಂಕ್ ಕೆಳಪದರದಲ್ಲಿ ಕಾಣಬಹುದು. ಒಳಗೆ ಮೊದಲು ಹುಡುಕಬೇಕಾದದ್ದು ಡಿಸ್ಚಾರ್ಜ್ ಬುಕ್. ಭರ್ತಿಯಾದ ದಿನ, ನಿವೃತ್ತಿಯ ದಿನ, ಕೊನೆಯ ರ‍್ಯಾಂಕ್, ಪದಕಗಳು ಎಲ್ಲ ಅದರಲ್ಲಿವೆ. ಅದರಲ್ಲಿರುವ ಹುಟ್ಟಿದ ದಿನ ಮನೆಯವರು ಹೇಳುವುದಕ್ಕೆ ಹೊಂದದಿದ್ದರೆ ಎರಡನ್ನೂ ಬರೆಯಿರಿ. ಪುಸ್ತಕ ಕಳೆದಿದ್ದರೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ನಂಬರ್ ಸಮೇತ ಅರ್ಜಿ ಹಾಕಬೇಕು. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ. ದಾರಿ ಗೊತ್ತಾಗದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ.

ಪದಕಗಳನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದುಂಡು ಪದಕದ ಅಂಚಿನ ಮೇಲೆ ನಂಬರ್, ಹೆಸರು ಸಣ್ಣಕ್ಷರದಲ್ಲಿ ಕೊರೆದಿರುತ್ತದೆ, ಉಜ್ಜಿದಷ್ಟೂ ಅದು ಸವೆಯುತ್ತದೆ. ಒಣ ಮೆತ್ತನೆ ಬಟ್ಟೆ ಸಾಕು. ಯಾವ ಪದಕ ಏನು ಹೇಳುತ್ತದೆ ಎಂಬಲ್ಲೇ ಹೆಚ್ಚಿನ ಮನೆಯವರು ಎಡವುವುದು. 1971ರ ಪೂರ್ವಿ ಸ್ಟಾರ್ ಪೂರ್ವ ರಂಗದಲ್ಲಿದ್ದವರದು, ಪಶ್ಚಿಮಿ ಸ್ಟಾರ್ ಪಶ್ಚಿಮ ರಂಗದ್ದು. ಸಂಗ್ರಾಮ್ ಪದಕ ಆಗ ಸೇವೆಯಲ್ಲಿದ್ದ ಬಹುತೇಕರಿಗೆ ಸಿಕ್ಕಿದೆ. ಅದೊಂದನ್ನೇ ನೋಡಿ ‘ಢಾಕಾದಲ್ಲಿ ಹೋರಾಡಿದರು’ ಎಂದು ಬರೆಯಬಾರದು. 1972ರ ಸ್ವಾತಂತ್ರ್ಯದ ಬೆಳ್ಳಿಹಬ್ಬದ ಪದಕ ಯುದ್ಧದ್ದೇ ಅಲ್ಲ. ಅಪ್ಪ ಡಿಪೋದಲ್ಲಿ ಲಾರಿ ಓಡಿಸಿದ್ದರೆ ಹಾಗೆಂದೇ ಬರೆಯಿರಿ. ಆ ಲಾರಿ ಹೋಗದೆ ಮುಂಚೂಣಿಯವರಿಗೆ ಗುಂಡೂ ಇಲ್ಲ, ರೊಟ್ಟಿಯೂ ಇಲ್ಲ.

ಇನ್‌ಲ್ಯಾಂಡ್ ಪತ್ರಗಳಲ್ಲಿ ಊರಿನ ಹೆಸರಿರುವುದಿಲ್ಲ, ‘56 ಎಪಿಒ’ ಅಥವಾ ‘99 ಎಪಿಒ’ (ಸೈನ್ಯದ ಅಂಚೆ ಕಚೇರಿ) ಎಂದಷ್ಟೇ. ಮುದ್ರೆಯ ತಾರೀಖು ನೋಡಿ ಜೋಡಿಸಿ. ಮಡಿಕೆಯಲ್ಲಿ ಹರಿದಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ, ಕೆಲವೇ ವರ್ಷಗಳಲ್ಲಿ ಅದು ಹಳದಿ ಕಲೆಯಾಗಿ ಅಕ್ಷರವನ್ನೇ ತಿನ್ನುತ್ತದೆ. ಮನಿಯಾರ್ಡರ್ ಕೂಪನ್‌ಗಳನ್ನೂ ಎಸೆಯಬೇಡಿ. ‘ಹಸುವಿಗೆ ಹಿಂಡಿ ತಗೋ’ ಎಂಬಂಥ ಒಂದು ಸಾಲಿನಲ್ಲಿ ಅವರು ಅಷ್ಟು ದೂರದಿಂದ ಮನೆ ನಡೆಸಿದ್ದು ಕಾಣುತ್ತದೆ.

ಈಗ ಒಂದು ನೋಟ್‌ಬುಕ್‌ನಲ್ಲಿ ಪುಟ ಎರಡು ಭಾಗ ಮಾಡಿ: ಎಡಕ್ಕೆ ಸೈನ್ಯ, ಬಲಕ್ಕೆ ಮನೆ. ಅಮ್ಮನಿಗೆ ಇಸವಿ ಕೇಳಿದರೆ ‘ಯಾರಿಗೆ ನೆನಪಿದೆ’ ಎನ್ನುತ್ತಾರೆ. ಹೆರಿಗೆ, ನಾಮಕರಣ, ಬಾವಿ ತೋಡಿಸಿದ್ದು, ಸುಗ್ಗಿ ಕೇಳಿ. ‘ನಾಮಕರಣಕ್ಕೆ ರಜೆ ಸಿಗಲಿಲ್ಲ, ಕೂಸು ಕೂರೋ ಹೊತ್ತಿಗೆ ಬಂದ್ರು’ ಎಂದರೆ ಎರಡೂ ಕಡೆ ತುಂಬಿತು. ಮಗುವಿನ ಹುಟ್ಟಿದ ದಿನ ಗೊತ್ತಿರುತ್ತದಲ್ಲ. ಒಂದು ಸಲಕ್ಕೆ 40 ನಿಮಿಷ ಸಾಕು. ಫ್ಯಾನ್, ಟಿವಿ ಆರಿಸಿ, ಫೋನನ್ನು ಅವರಿಂದ ಒಂದು ಮೊಳ ದೂರದಲ್ಲಿಡಿ.

ನಿವೃತ್ತಿಯ ನಂತರದ ಬದುಕನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ. 15–20 ವರ್ಷ ಸೇವೆ ಮುಗಿಸಿ ಬಂದ ಸಿಪಾಯಿಗೆ ಆಗಿನ್ನೂ ನಲವತ್ತರ ಒಳಹೊರಗು. ಬ್ಯಾಂಕಿನ ಕಾವಲು, ತೋಟ, ಮಕ್ಕಳ ಫೀಸು, ಮೊಮ್ಮಕ್ಕಳಿಗೆ ಶೂ ಪಾಲಿಶ್ ಕಲಿಸಿದ್ದು, ಎಲ್ಲ ಆಮೇಲಿನದೇ. ಪುಟಗಳಲ್ಲಿ ಅರ್ಧ ಇದಕ್ಕಿರಲಿ. ಯುದ್ಧದ ಬಗ್ಗೆ ಅವರು ಬಾಯಿ ಬಿಡದೇ ಇದ್ದರೆ, ‘ಆ ದಿನಗಳ ಬಗ್ಗೆ ಹೇಳುತ್ತಿರಲಿಲ್ಲ’ ಎಂದು ಬರೆದು ಅಲ್ಲಿಗೇ ಬಿಡಿ. ಆ ಮೌನವನ್ನು ಕಲ್ಪನೆಯಿಂದ ತುಂಬುವ ಹಕ್ಕು ನಮಗಿಲ್ಲ.

ಫೋಟೋಗಳನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಇಲ್ಲದಿದ್ದರೆ ಮಸುಕಾಗುತ್ತದೆ. ಎ5 ಅಳತೆಯ 16 ಪುಟ ಸಾಕಾಗುತ್ತದೆ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್, ಬ್ಯಾಂಕ್ ಖಾತೆ ಕಾಣುವ ಕಾಗದದ ಚಿತ್ರ ಮಾತ್ರ ಹಾಕಬೇಡಿ, ಅಮ್ಮನ ಕುಟುಂಬ ಪಿಂಚಣಿ ಅದಕ್ಕೇ ಹೊಂದಿಕೊಂಡಿದೆ. ಅಚ್ಚಿಗೆ ಮುಂಚೆ ಕರಡನ್ನು ಅಮ್ಮನಿಗೆ ಕೂತು ಓದಿ ಹೇಳಿ. ಅವರು ‘ಇದು ಬೇಡ’ ಎಂದದ್ದನ್ನು ತೆಗೆದೇ ಪ್ರೆಸ್ಸಿಗೆ ಕೊಡಿ.